ಸಾವಿರ ಮೈಲಿಯ ರಥವೂ ಹಾದಿಬದಿಯ ಜನವೂ

ಮಹಾಭಾರತದ ಅರಣ್ಯಪರ್ವದಲ್ಲಿ ಬರುವ ನಳೋಪಾಖ್ಯಾನವನ್ನು ಕೇಳದವರು ಕನ್ನಡಿಗರಲ್ಲಿ ವಿರಳ. ಕನಕದಾಸರ ನಳಚರಿತ್ರೆಯ ದೆಸೆಯಿಂದ ಅದು ಓದುಬಾರದವರ ಮನೆಯನ್ನೂ ಹೊಕ್ಕಿದೆ. ದಮಯಂತಿಗೆ ಪುನಃ ಸ್ವಯಂವರವೆಂಬ ವಾರ್ತೆಯನ್ನು ಕೇಳಿ, ಅಯೋಧ್ಯೆಯ ಅರಸನಾದ ಋತುಪರ್ಣನು ಒಂದೇ ದಿವಸದಲ್ಲಿ ವಿದರ್ಭವನ್ನು ಸೇರಬೇಕೆಂದು ಹೊರಡುತ್ತಾನೆ. ಬಾಹುಕನೆಂಬ ಹೆಸರಿನಿಂದ ಅವನಲ್ಲಿ ಊಳಿಗಕ್ಕಿದ್ದ ನಳನೇ ಸಾರಥಿ. ರಥದ ವೇಗಕ್ಕೆ ಅರಸನ ಉತ್ತರೀಯವು ಹಾರಿಬೀಳುತ್ತದೆ. ರಥವನ್ನು ನಿಲ್ಲಿಸಿ ಅದನ್ನು ತರಿಸೋಣವೆಂದರೆ, ಅದು ಆಗಲೇ ಒಂದು ಯೋಜನ ಹಿಂದೆ ಉಳಿಯಿತೆಂದು ಸಾರಥಿಯು ಉತ್ತರ ಕೊಡುತ್ತಾನೆ. ಮುಂದೆ ಒಂದು ತಾರೆಯ ಮರವು ಕಾಣಲು, ಅರಸನು ಅದರ ಎಲೆಗಳನ್ನೂ ಕಾಯಿಗಳನ್ನೂ ಕಣ್ಣಳತೆಯಿಂದಲೇ ಎಣಿಸಿ ಹೇಳುತ್ತಾನೆ. ಒಬ್ಬನು ಕುದುರೆಗಳ ಹೃದಯವನ್ನು ಬಲ್ಲವನು; ಇನ್ನೊಬ್ಬನು ಎಣಿಕೆಯ ಹೃದಯವನ್ನು ಬಲ್ಲವನು. ಇಬ್ಬರೂ ತಮ್ಮ ವಿದ್ಯೆಯನ್ನು ಪರಸ್ಪರ ಕೊಟ್ಟುಕೊಂಡರೆಂದು ಕಥೆಯು ಹೇಳುತ್ತದೆ.

ಪಾಠಶಾಲೆಯಲ್ಲಿ ಈ ಭಾಗವನ್ನು ಓದಿದಂದು ಇದು ಕವಿಯ ಅತಿಶಯೋಕ್ತಿಯೆಂದೇ ನಾವು ಎಣಿಸಿದ್ದೆವು. ಆದರೆ ೧೯೫೫ನೆಯ ಮೇ ತಿಂಗಳ ೧ನೆಯ ತಾರೀಖು ಇಟಲಿ ದೇಶದಲ್ಲಿ ನಡೆದ ಒಂದು ಸಂಗತಿಯು ಈ ಕಥೆಗೆ ಅಚ್ಚರಿಯೆನಿಸುವಷ್ಟು ಹತ್ತಿರವಾಗಿದೆ. ಒಬ್ಬ ಸಾರಥಿ, ಅವನ ಪಕ್ಕದಲ್ಲಿ ಎಣಿಕೆಯ ವಿದ್ಯೆಯನ್ನು ಬಲ್ಲ ಇನ್ನೊಬ್ಬ. ಗಾಳಿಯ ರಭಸಕ್ಕೆ ಹಾರಿಹೋದದ್ದು ಉತ್ತರೀಯವಲ್ಲ, ಕನ್ನಡಕ. ಕುದುರೆಗಳ ಬದಲು ಎಂಟು ಸಿಲಿಂಡರುಗಳ ಸ್ಪೋರ್ಟ್ಸ್ ಕಾರು. ಅವರು ಕ್ರಮಿಸಿದ ದಾರಿಯು ೧,೫೯೭ ಕಿಲೋಮೀಟರು. ತೆಗೆದುಕೊಂಡ ಕಾಲವು ೧೦ ಗಂಟೆ ೭ ನಿಮಿಷ ೪೮ ಸೆಕೆಂಡು. ಬೆಂಗಳೂರಿನಿಂದ ಬೆಳಗಾವಿಗೆ ಸುಮಾರು ೫೦೦ ಕಿಲೋಮೀಟರು. ಅಲ್ಲಿಗೆ ಹೋಗಿ, ಹಿಂದಿರುಗಿ, ಮತ್ತೊಮ್ಮೆ ಅಲ್ಲಿಗೇ ಹೋದರೂ ಆ ದಾರಿಗೆ ಸಮನಾಗದು. ಅಷ್ಟನ್ನು ಆ ಇಬ್ಬರು ಬೆಳಗಿನಿಂದ ಸಂಜೆಯೊಳಗೆ, ಊರುಗಳ ನಡುವಣ ಸಾಮಾನ್ಯ ರಸ್ತೆಗಳಲ್ಲಿ, ಬೆಟ್ಟಗಳನ್ನು ಹತ್ತಿಳಿದು ಮುಗಿಸಿದರು.

ಸ್ಪೋರ್ಟ್ಸ್ ಕಾರುಗಳನ್ನು ಕೊಂಡು ದೂರಪ್ರಯಾಣಕ್ಕೆ ಹೊರಡುವ ಉತ್ಸಾಹವು ನಮ್ಮ ನಗರಗಳ ಅನುಕೂಲಸ್ಥ ತರುಣರಲ್ಲಿ ಹೆಚ್ಚುತ್ತಿರುವ ಈ ದಿನಗಳಲ್ಲಿ, ಆ ಇಟಲಿಯ ಓಟದ ಕಥೆಯನ್ನು ಆದಿಯಿಂದ ಅಂತ್ಯದವರೆಗೆ ವಾಚಕರ ಮುಂದಿಡುವುದು ಉಚಿತವೆಂದು ನಮಗೆ ತೋರಿದೆ. ಆ ಕಥೆಯ ಅರ್ಧವನ್ನು ಮಾತ್ರ ಹೇಳುವ ಪದ್ಧತಿಯು ಲೋಕದಲ್ಲಿ ಬಹುವಾಗಿದೆ. ಅರ್ಧ ಕಥೆಯು ಸುಳ್ಳಿಗಿಂತ ಹೆಚ್ಚು ಕೇಡನ್ನು ಮಾಡಬಲ್ಲುದು.

ಈ ಓಟದ ಹೆಸರು ಮಿಲ್ಲೆ ಮಿಲ್ಯ. ಇಟಲಿಯ ಭಾಷೆಯಲ್ಲಿ ಸಾವಿರ ಮೈಲಿ ಎಂದರ್ಥ. ಇದರ ಹುಟ್ಟಿಗೆ ಕಾರಣವು ಒಂದು ಊರಿನ ಅಭಿಮಾನಭಂಗ. ಇಟಲಿಯ ಗ್ರಾಂ ಪ್ರಿ ಪಂದ್ಯವು ಮೊದಲು ೧೯೨೧ರಲ್ಲಿ ಬ್ರೆಶ್ಯ ಪಟ್ಟಣದ ಬಳಿ ನಡೆದಿದ್ದಿತು. ಮರುವರ್ಷವೇ ಅದು ಮಿಲಾನಿನ ಸಮೀಪದ ಮೊನ್ಜಾಕ್ಕೆ ಹೊರಟುಹೋಯಿತು. ಕಳೆದುಕೊಂಡ ಗೌರವವನ್ನು ತಮ್ಮ ಊರಿಗೆ ಮರಳಿ ತರಬೇಕೆಂದು ಆಯ್ಮೊ ಮಾಜ್ಜಿ, ಫ್ರಾಂಕೊ ಮಾಜ್ಜೊಟ್ಟಿ, ರೆನ್ಜೊ ಕಾಸ್ತಾನ್ಯೆತೊ, ಜೊವಾನ್ನಿ ಕಾನೆಸ್ತ್ರಿನಿ ಎಂಬ ನಾಲ್ವರು ಕೂಡಿ ಯೋಚಿಸಿದರು. ಈ ನಾಲ್ವರಲ್ಲಿ ಕಾನೆಸ್ತ್ರಿನಿಯು ನಮ್ಮ ಕಸುಬಿನವನು, ಪತ್ರಿಕೋದ್ಯೋಗಿ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವುಂಟು. ಬ್ರೆಶ್ಯದಿಂದ ಹೊರಟು, ರೋಮ್ ನಗರವನ್ನು ಮುಟ್ಟಿ, ಮರಳಿ ಬ್ರೆಶ್ಯವನ್ನೇ ಸೇರುವ ಓಟವನ್ನು ಅವರು ಏರ್ಪಡಿಸಿದರು.

ಮೊದಲನೆಯ ಓಟವು ೧೯೨೭ನೆಯ ಮಾರ್ಚಿ ೨೬ ಮತ್ತು ೨೭ರಂದು ನಡೆಯಿತು. ಬ್ರೆಶ್ಯದ ಕಾರ್ಖಾನೆಯಲ್ಲಿಯೇ ತಯಾರಾದ ಓ. ಎಂ. ಗಾಡಿಯಲ್ಲಿ ಮಿನೊಯಾ ಮತ್ತು ಮೊರಾಂದಿ ಎಂಬವರು ೨೧ ಗಂಟೆಗಳಿಗೆ ಸ್ವಲ್ಪ ಮಿಕ್ಕ ಕಾಲದಲ್ಲಿ, ಗಂಟೆಗೆ ಸರಾಸರಿ ೭೭ ಕಿಲೋಮೀಟರಿನಂತೆ ಓಡಿಸಿ ಗೆದ್ದರು. ಊರಿನ ಜನರ ಸಂತೋಷಕ್ಕೆ ಮೇರೆಯಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಅದೂ ಸೇರಿ ೧೯೫೭ರ ತನಕ ಈ ಓಟವು ೨೪ ಸಲ ನಡೆಯಿತು. ಮೂರು ಸಲ ಮಾತ್ರ, ಎಂದರೆ ೧೯೩೧, ೧೯೪೦ ಮತ್ತು ೧೯೫೫ರಲ್ಲಿ, ಪರದೇಶೀಯರು ಗೆದ್ದರು. ತಮ್ಮ ಹಾದಿಯ ತಿರುವುಮುರುವುಗಳನ್ನು ಎಳವೆಯಿಂದ ಬಲ್ಲವರನ್ನು ಹೊರಗಿನವರು ಸೋಲಿಸುವುದು ಸುಲಭವಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಹೀಗಿರುವಲ್ಲಿ ೧೯೫೫ರಲ್ಲಿ ಇಪ್ಪತ್ತೈದು ವರ್ಷ ವಯಸ್ಸಿನ ಇಂಗ್ಲಿಷ್ ತರುಣ ಸ್ಟರ್ಲಿಂಗ್ ಮಾಸನು ಗೆದ್ದುದು ಹೇಗೆ? ಅವನ ಮೆರ್ಸಿಡಿಸ್ ೩೦೦ ಎಸ್. ಎಲ್. ಆರ್. ಗಾಡಿಯ ಬಲವು ದೊಡ್ಡದು, ನಿಜ. ಮೂರು ಲೀಟರು ಗಾತ್ರದ ಅದರ ಎಂಜಿನಿಗೆ ಸುಮಾರು ೩೦೦ ಕುದುರೆಗಳ ಶಕ್ತಿಯಿದ್ದಿತು. ಆದರೆ ಅದೇ ಬಗೆಯ ಗಾಡಿಗಳಲ್ಲಿ ಇನ್ನೂ ಮೂವರು ಹೊರಟಿದ್ದರು. ಅವರಲ್ಲಿ ಒಬ್ಬನು ಅದಾಗಲೇ ಎರಡು ಸಲ ಜಗಜ್ಜಟ್ಟಿಯೆನಿಸಿದ್ದ ಅರ್ಜೆಂಟೈನಾದ ಫಾಂಜಿಯೊ. ಒಬ್ಬನೇ ಓಡಿಸಿದ ಆ ಮಹಾಚಾಲಕನು ಎರಡನೆಯವನಾಗಿ ಅರ್ಧ ಗಂಟೆಗೂ ಮಿಕ್ಕ ಅಂತರದಲ್ಲಿ ಹಿಂದುಳಿದನು. ಆದುದರಿಂದ ಗೆಲವಿನ ಕೀಲು ಗಾಡಿಯೊಂದರಲ್ಲಿಯೇ ಇರಲಿಲ್ಲ. ಅದು ಮಾಸನ ಪಕ್ಕದಲ್ಲಿ ಕುಳಿತಿದ್ದ ಗಿಡ್ಡ ದೇಹದ, ದಟ್ಟ ಗಡ್ಡದ ಮನುಷ್ಯನ ತೊಡೆಯ ಮೇಲಿದ್ದಿತು.

ಡೆನಿಸ್ ಜೆಂಕಿನ್‌ಸನ್ ಎಂಬ ಆತನು ಲಂಡನಿನ 'ಮೋಟಾರ್ ಸ್ಪೋರ್ಟ್' ಪತ್ರಿಕೆಯ ಬಾತ್ಮೀದಾರ. ಇವನೂ ನಮ್ಮ ಕಸುಬಿನವನೇ. ಓಟಕ್ಕೆ ಮುಂಚೆ ಅವನೂ ಮಾಸನೂ ಆ ಸಾವಿರ ಮೈಲಿಯ ದಾರಿಯನ್ನು ಮತ್ತೆ ಮತ್ತೆ ಸುತ್ತಿದರು. ಕುರುಡು ತಿರುವು ಯಾವುದು, ದಿಬ್ಬದ ಆಚೆ ರಸ್ತೆಯು ನೇರವಾಗಿದೆಯೋ ಬಾಗಿದೆಯೋ, ರೈಲ್ವೆ ಗೇಟು ಎಲ್ಲಿದೆ, ಸೇತುವೆಯು ಎಲ್ಲಿ ಕಿರಿದಾಗಿದೆ, ಜಾರುವ ನೆಲವೆಲ್ಲಿ, ಎಲ್ಲವನ್ನೂ ಟಿಪ್ಪಣಿ ಮಾಡಿಕೊಂಡರು. ತಿರುವುಗಳನ್ನು ಅಪಾಯದ ತಾರತಮ್ಯವನ್ನು ಅನುಸರಿಸಿ ಮೂರು ತರಗತಿಗಳಾಗಿ ವಿಂಗಡಿಸಿದರು. ಈ ಟಿಪ್ಪಣಿಯೆಲ್ಲವನ್ನೂ ಸುಮಾರು ೫ ಮೀಟರು ಉದ್ದದ ಒಂದು ಕಾಗದದ ಪಟ್ಟಿಗೆ ಇಳಿಸಿ, ಜಾತಕದ ಸುರುಳಿಯಂತೆ ಸುತ್ತಿ, ಎರಡು ಉರುಳೆಗಳಿದ್ದ ಅಲ್ಯುಮಿನಿಯಮ್ ಪೆಟ್ಟಿಗೆಯೊಳಗೆ ಇಟ್ಟರು. ಮೇಲುಗಡೆ ಪಾರದರ್ಶಕವಾದ ಕಿಟಕಿ. ಗಾಡಿಯು ಮುಂದುವರಿದಂತೆಲ್ಲ ಜೆಂಕಿನ್‌ಸನ್ನನು ಉರುಳೆಯನ್ನು ತಿರುಗಿಸುತ್ತ ಓದುವನು. ಎಂಜಿನಿನ ಆರ್ಭಟದಲ್ಲಿ ಬಾಯಿಮಾತು ಕೇಳಿಸದಾದುದರಿಂದ, ಇಬ್ಬರೂ ಹದಿನೈದು ಕೈಸನ್ನೆಗಳನ್ನು ಗೊತ್ತುಮಾಡಿಕೊಂಡಿದ್ದರು.

ಈ ಏರ್ಪಾಡಿನ ಅರ್ಥವನ್ನು ವಾಚಕರು ಗಮನಿಸಬೇಕು. ಮುಂದೆ ಏನಿದೆಯೆಂದು ಕಾಣದ ದಿಬ್ಬವನ್ನು ಮಾಸನು ಗಂಟೆಗೆ ೨೫೦ ಕಿಲೋಮೀಟರಿಗೂ ಮಿಕ್ಕ ವೇಗದಿಂದ ಏರುವಾಗ, ಅವನು ನಂಬಿದ್ದುದು ತನ್ನ ಕಣ್ಣನ್ನಲ್ಲ, ಪಕ್ಕದವನ ಕೈಯನ್ನು. ಆ ಕೈಯು ನಂಬಿದ್ದುದು ಊಹೆಯನ್ನಲ್ಲ, ಮುಂಚಿತವಾಗಿ ನೋಡಿ ಬರೆದ ಅಕ್ಷರವನ್ನು. ಒಂದು ಅಕ್ಷರ ತಪ್ಪಿದರೆ ಇಬ್ಬರ ಪ್ರಾಣವೂ ಹೋಗುವುದು. ಪತ್ರಿಕೆಯ ಕಛೇರಿಯಲ್ಲಿ ನಿತ್ಯವೂ ಕರಡು ತಿದ್ದುವ ನಮಗೆ ಈ ಪ್ರಸಂಗವನ್ನು ಓದಿದಾಗ ನಾಚಿಕೆಯಾಯಿತೆಂದು ಒಪ್ಪಿಕೊಳ್ಳುತ್ತೇವೆ. ಅಷ್ಟು ಎಚ್ಚರದಿಂದ ಬರೆದ ಐದು ಮೀಟರು ಬರವಣಿಗೆಯು ನಮ್ಮ ಎಷ್ಟು ಸಂಚಿಕೆಗಳಲ್ಲಿ ಸಿಕ್ಕೀತು?

ಓಟದ ದಿನ ಐನೂರಕ್ಕೂ ಮಿಕ್ಕಿ ಗಾಡಿಗಳು ಒಂದೊಂದಾಗಿ ಹೊರಟವು. ಚಿಕ್ಕ ಗಾಡಿಗಳು ಹಿಂದಿನ ರಾತ್ರಿಯೇ ಹೊರಟಿದ್ದವು, ಬಲವಾದವು ಕಡೆಗೆ. ಪ್ರತಿಯೊಂದು ಗಾಡಿಯ ಮೇಲೆ ಬರೆದ ಸಂಖ್ಯೆಯೇ ಅದು ಹೊರಟ ಹೊತ್ತು. ಮಾಸನ ಗಾಡಿಯ ಮೇಲೆ ೭೨೨ ಎಂದಿದ್ದಿತು; ಎಂದರೆ ಬೆಳಿಗ್ಗೆ ೭ ಗಂಟೆ ೨೨ ನಿಮಿಷ. ಒಂದು ನಿಮಿಷ ಹಿಂದೆ ಹೊರಟ ಇಟಲಿಯ ಕಾಸ್ತೆಲ್ಲೊತ್ತಿಯು ತನ್ನ ಫೆರಾರಿಯನ್ನು ಉಗ್ರವಾಗಿ ಓಡಿಸಿ, ಪಾದುವಾ ಪಟ್ಟಣದಲ್ಲಿ ಮಾಸನು ತುಸು ಜಾರಿ ಹುಲ್ಲಿನ ಪಿಂಡಿಗಳಿಗೆ ತಗುಲಿದಾಗ ಅವನನ್ನು ಹಿಂದೆ ಹಾಕಿದನು. ಮಾಸನು ಅವನ ಬೆನ್ನಟ್ಟಲಿಲ್ಲ. ಅಷ್ಟು ಉಗ್ರತೆಯನ್ನು ಟಯರುಗಳು ತಾಳಲಾರವೆಂದು ಬಲ್ಲವನಾಗಿ ಹೋಗಗೊಟ್ಟನು. ರವೆನ್ನಾ ಪಟ್ಟಣದಲ್ಲಿ ಫೆರಾರಿಯು ಟಯರು ಬದಲಾಯಿಸಲು ನಿಂತಿದ್ದಿತು, ಮಾಸನು ಹಾಯ್ದುಹೋದನು. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ಬೇಕೆ?

ದಾರಿಯಲ್ಲಿ ಜೆಂಕಿನ್‌ಸನ್ನನಿಗೆ ಹೊಟ್ಟೆ ತೊಳಸಿ, ಹೊರಕ್ಕೆ ಬಾಗಿದಾಗ ಗಾಳಿಯ ರಭಸಕ್ಕೆ ಕನ್ನಡಕವು ಹಾರಿಹೋಯಿತು. ಋತುಪರ್ಣನಂತೆ ಗಾಡಿಯನ್ನು ನಿಲ್ಲಿಸೆಂದು ಆತನು ಕೇಳಲಿಲ್ಲ. ಇನ್ನೊಂದು ಕನ್ನಡಕವನ್ನು ಮುಂಜಾಗ್ರತೆಯಿಂದ ತಂದಿದ್ದನು. ಅದನ್ನು ಏರಿಸಿಕೊಂಡು ಓದನ್ನು ಮುಂದುವರಿಸಿದನು. ರೋಮ್ ನಗರವನ್ನು ಮೊದಲು ಮುಟ್ಟಿದವನು ಬ್ರೆಶ್ಯದಲ್ಲಿ ಮೊದಲಿಗನಾಗನೆಂದು ಅಲ್ಲಿಯ ಜನರಲ್ಲಿ ಒಂದು ನಂಬಿಕೆಯಿದ್ದಿತು. ರೋಮ್‌ನಲ್ಲಿ ಮುಂದಿದ್ದ ಮಾಸನು ಫೂತಾ ಮತ್ತು ರತಿಕೋಸಾ ಘಾಟುಗಳನ್ನು ಹತ್ತಿಳಿದು, ಪೋ ನದಿಯ ಬಯಲನ್ನು ದಾಟಿ, ಆ ನಂಬಿಕೆಯನ್ನು ಸುಳ್ಳುಮಾಡಿದನು. ಸರಾಸರಿ ವೇಗವು ಗಂಟೆಗೆ ೧೫೭ ಕಿಲೋಮೀಟರಿಗೂ ಮಿಕ್ಕುದು. ಅದನ್ನು ಆ ಬಳಿಕ ಯಾರೂ ಮುರಿಯಲಿಲ್ಲ; ಇನ್ನು ಯಾರೂ ಮುರಿಯಲಾರರು. ಜೆಂಕಿನ್‌ಸನ್ನನು ತನ್ನ ಪತ್ರಿಕೆಗೆ ಬರೆದ ವೃತ್ತಾಂತವು ಇಂದಿಗೂ ಮೋಟಾರು ಬಲ್ಲವರು ಆದರದಿಂದ ಓದುವ ಬರಹವಾಗಿದೆ.

ಇಷ್ಟು ಕಥೆಯ ಪೂರ್ವಾರ್ಧ. ಮಾಸನ ಹೆಸರನ್ನು ಹೇಳಿ ಪುಳಕಿತರಾಗುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಉತ್ತರಾರ್ಧವನ್ನೂ ಹೇಳುವುದು ನಮ್ಮ ಕರ್ತವ್ಯ.

ಈ ಓಟವು ನಡೆದುದು ಬೇಲಿ ಕಟ್ಟಿದ ಮೈದಾನದಲ್ಲಲ್ಲ. ರೈತನು ಗಾಡಿ ಹೊಡೆಯುವ, ಹುಡುಗರು ಶಾಲೆಗೆ ನಡೆಯುವ ರಸ್ತೆಗಳಲ್ಲಿ. ಓಟದ ದಿನ ಊರೂರಿನ ಜನರು ಹಾದಿಯ ಇಕ್ಕೆಲಗಳಲ್ಲಿ ತೇರು ನೋಡಲು ನೆರೆದಂತೆ ನೆರೆಯುತ್ತಿದ್ದರು. ೧೯೩೮ರಲ್ಲಿ ಬೊಲೊನ್ಯ ನಗರದಲ್ಲಿ ಒಂದು ಗಾಡಿಯು ಹಾದಿ ತಪ್ಪಿ ಜನರ ಮೇಲೆ ನುಗ್ಗಿ ಹತ್ತು ಮಂದಿ ಸತ್ತರು. ಅವರಲ್ಲಿ ಏಳು ಮಂದಿ ಮಕ್ಕಳು. ಸರ್ಕಾರವು ಓಟವನ್ನು ನಿಷೇಧಿಸಿತು. ೧೯೪೦ರಲ್ಲಿ ಅದು ಬ್ರೆಶ್ಯ, ಕ್ರೆಮೋನ, ಮಾಂತುವಾ ಪಟ್ಟಣಗಳ ನಡುವಣ ಕಿರಿದಾದ ಸುತ್ತಿನಲ್ಲಿ ನಡೆಯಿತು. ಯುದ್ಧವು ಮುಗಿದು ೧೯೪೭ ಬರುವ ಹೊತ್ತಿಗೆ ಏಳು ಮಕ್ಕಳ ನೆನಪು ಮಾಸಿದ್ದಿತು; ಓಟವು ಮತ್ತೆ ಊರುಗಳೊಳಗಿಂದಲೇ ಹೊರಟಿತು. ಗಾಡಿಗಳು ಮಾತ್ರ ಮೊದಲಿಗಿಂತ ವೇಗವಾಗಿದ್ದವು.

೧೯೫೭ನೆಯ ಮೇ ೧೨ರಂದು, ಗುರಿಯು ಇನ್ನು ಬಹುದೂರವಿಲ್ಲದ ಗ್ವಿದಿಜ್ಜೊಲೊ ಎಂಬ ಹಳ್ಳಿಯ ಬಳಿ, ಸ್ಪೇನ್ ದೇಶದ ಅಲ್ಫೊನ್ಸೊ ದೆ ಪೋರ್ತಾಗೊ ಓಡಿಸುತ್ತಿದ್ದ ಫೆರಾರಿಯ ಟಯರು ಸಿಡಿಯಿತು. ಆತನೂ ಜೊತೆಗಾರನಾದ ಎಡ್ಮಂಡ್ ನೆಲ್ಸನನೂ ಸತ್ತರು. ಅವರೊಡನೆ ಹಾದಿಬದಿಯಲ್ಲಿ ನಿಂತಿದ್ದ ಒಂಬತ್ತು ಮಂದಿ ಸತ್ತರು, ಐವರು ಮಕ್ಕಳು. ಗಾಡಿಯ ತಯಾರಕನಾದ ಎನ್ಜೊ ಫೆರಾರಿಯ ಮೇಲೆ ಮೊಕದ್ದಮೆ ನಡೆದು ೧೯೬೧ರಲ್ಲಿ ಆತನು ಖುಲಾಸೆಯಾದನು. ನ್ಯಾಯಾಲಯದ ತೀರ್ಪು ಏನೇ ಇರಲಿ, ದೇಶದ ತೀರ್ಪು ಅದಕ್ಕಿಂತ ಮೊದಲೇ ಆಗಿದ್ದಿತು. ಸಾಮಾನ್ಯ ರಸ್ತೆಯ ಮೇಲಿನ ಆ ವೇಗದ ಓಟಕ್ಕೆ ಇಟಲಿಯು ಅಂದೇ ಮಂಗಳ ಹಾಡಿತು. ೧೯೭೭ರಿಂದ ಅದೇ ಹೆಸರಿನಲ್ಲಿ ಹಳೆಯ ಗಾಡಿಗಳ ಮೆರವಣಿಗೆಯೊಂದು ನಡೆಯುತ್ತಿದೆ. ಅದರಲ್ಲಿ ಬೇಗ ಬಂದವನಿಗೆ ಬಹುಮಾನವಿಲ್ಲ. ಗೊತ್ತುಮಾಡಿದ ಹೊತ್ತಿಗೆ ಸರಿಯಾಗಿ ಬಂದವನಿಗೆ ಬಹುಮಾನ.

ಇಲ್ಲಿ ಒಂದು ಪ್ರಶ್ನೆಯು ನಮ್ಮನ್ನು ಬಾಧಿಸುತ್ತದೆ. ೧೯೩೮ರ ಏಳು ಮಕ್ಕಳು ಕಲಿಸಿದ ಪಾಠವನ್ನು ಮತ್ತೆ ಕಲಿಯಲು ೧೯೫೭ರ ಐದು ಮಕ್ಕಳು ಏಕೆ ಬೇಕಾದರು? ಮರೆಸಿದವರು ಯಾರು? ಓಟವನ್ನು ಹುಟ್ಟಿಸಿದವರಲ್ಲಿ ಒಬ್ಬನು ಪತ್ರಿಕೋದ್ಯೋಗಿ. ಅದರ ಪರಮಾವಧಿಯ ದಿನ ಗಾಡಿಯಲ್ಲಿ ಕುಳಿತವನೂ ಪತ್ರಿಕೋದ್ಯೋಗಿ. ಗೆದ್ದವರ ಚಿತ್ರಗಳನ್ನು ಅಚ್ಚುಮಾಡಿ, ನಿಮಿಷ ಸೆಕೆಂಡುಗಳನ್ನು ದಪ್ಪಕ್ಷರದಲ್ಲಿ ಸಾರಿ, ಊರಿನ ಹುಡುಗರನ್ನು ಹಾದಿಯ ಅಂಚಿಗೆ ಕರೆತಂದವುಗಳಲ್ಲಿ ಪತ್ರಿಕೆಗಳೂ ಸೇರಿದ್ದವು. ಈ ದೋಷದಿಂದ ನಾವು ಮುಕ್ತರೆಂದು ಹೇಳಲಾರೆವು. ಇಂತಿಂತಹವರು ಇಷ್ಟೇ ಗಂಟೆಗಳಲ್ಲಿ ಇಂತಹ ಊರನ್ನು ಮುಟ್ಟಿದರೆಂಬ ವಾರ್ತೆಯನ್ನು ಸಾಹಸವೆಂಬ ತಲೆಬರಹದ ಕೆಳಗೆ ನಮ್ಮ ಪತ್ರಿಕೆಯೂ ಪ್ರಕಟಿಸಿದ್ದುಂಟು. ಆ ಗಂಟೆಗಳ ಲೆಕ್ಕವನ್ನು ರಸ್ತೆ ದಾಟಲು ಕಾಯುತ್ತಿದ್ದವರ ದೃಷ್ಟಿಯಿಂದ ನಾವು ನೋಡಲಿಲ್ಲ.

ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಇಲಾಖೆಯ ವರದಿಯಂತೆ ೨೦೨೨ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು ೧,೬೮,೪೯೧ ಮಂದಿ. ದಿನವೊಂದಕ್ಕೆ ೪೬೦ಕ್ಕೂ ಮಿಕ್ಕಿ. ಅವರಲ್ಲಿ ಐದನೆಯ ಒಂದು ಪಾಲಿಗೆ ಸಮೀಪವಾದವರು ಕಾಲ್ನಡೆಯವರು. ಸಾವಿಗೆ ಕಾರಣವಾದ ತಪ್ಪುಗಳಲ್ಲಿ ಅತಿವೇಗವೇ ಎಲ್ಲಕ್ಕೂ ಮುಂದೆ. ಗ್ವಿದಿಜ್ಜೊಲೊದಲ್ಲಿ ಹನ್ನೊಂದು ಮಂದಿ ಸತ್ತಾಗ ಒಂದು ದೇಶವೇ ತಲೆತಗ್ಗಿಸಿತು. ನಮ್ಮಲ್ಲಿ ಅಷ್ಟು ಮಂದಿ ಒಂದು ಗಂಟೆ ಕಳೆಯುವುದರೊಳಗೆ ಸಾಯುತ್ತಾರೆ. ಅದು ಒಳಪುಟದ ಸುದ್ದಿಯಾಗುತ್ತದೆ.

ಹಾಗಾದರೆ ವೇಗದ ಗಾಡಿಯನ್ನು ದ್ವೇಷಿಸಬೇಕೆ? ನಮ್ಮ ಅಭಿಪ್ರಾಯವು ಹಾಗಿಲ್ಲ. ಯಂತ್ರದ ಸೊಬಗನ್ನು ಮೆಚ್ಚುವುದು, ದೂರದ ಹಾದಿಯನ್ನು ಹಿಡಿದು ದೇಶವನ್ನು ನೋಡುವುದು ತರುಣರಿಗೆ ಸಹಜ. ಆದರೆ ಮಾಸನಿಂದ ಕಲಿಯುವವರು ಅವನ ವೇಗವನ್ನಲ್ಲ, ಜೆಂಕಿನ್‌ಸನ್ನನ ಸುರುಳಿಯನ್ನು ಕಲಿಯಲಿ. ಹೊರಡುವ ಮುನ್ನ ಹಾದಿಯನ್ನು ಅರಿಯುವುದು, ಟಯರು ಬ್ರೇಕುಗಳನ್ನು ಪರೀಕ್ಷಿಸುವುದು, ಹಿಂದೆ ಹಾಕಿ ಹೋದವನ ಬೆನ್ನು ಹತ್ತದಿರುವುದು, ಪಕ್ಕದವನ ಎಚ್ಚರಿಕೆಯ ಮಾತಿಗೆ ಕಿವಿಗೊಡುವುದು, ಇವು ಯಾವ ವೇಗಕ್ಕೂ ಹೊಂದುವ ಗುಣಗಳು.

ಅಧಿಕಾರಿಗಳಿಗೂ ನಾವು ಒಂದು ಮಾತನ್ನು ಹೇಳಬಯಸುತ್ತೇವೆ. ಬೆಂಗಳೂರು ಮೈಸೂರು ನಡುವಣ ವೇಗದ ಹೆದ್ದಾರಿಯು ೨೦೨೩ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ ೧ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರಾಕ್ಟರುಗಳ ಸಂಚಾರವನ್ನು ನಿಷೇಧಿಸಲಾಯಿತು. ವೇಗದ ದಾರಿಯನ್ನೂ ನಿಧಾನದ ದಾರಿಯನ್ನೂ ಬೇರ್ಪಡಿಸುವ ತತ್ತ್ವವು ಸರಿಯಾದುದೇ. ಇಟಲಿಯು ಹನ್ನೊಂದು ಪ್ರಾಣಗಳನ್ನು ತೆತ್ತು ಕಲಿತುದೂ ಅದನ್ನೇ. ಆದರೆ ಹೊರಗಿಟ್ಟವರಿಗೆ ಗುಂಡಿಯಿಲ್ಲದ ಸೇವಾರಸ್ತೆಯನ್ನೂ, ಹಳ್ಳಿಯಿಂದ ಹಳ್ಳಿಗೆ ದಾಟಲು ಸುರಕ್ಷಿತವಾದ ಮಾರ್ಗವನ್ನೂ ಕೊಟ್ಟಾಗಲೇ ಆ ತತ್ತ್ವವು ಧರ್ಮವೆನಿಸುವುದು. ಇಲ್ಲವಾದರೆ ಅದು ಉಳ್ಳವರ ಅನುಕೂಲ ಮಾತ್ರವಾಗುವುದು.

ಕಡೆಯದಾಗಿ ಒಬ್ಬನ ವಿಷಯವನ್ನು ಹೇಳಿ ಮುಗಿಸುತ್ತೇವೆ. ಟಿಪ್ಪಣಿಯ ಸುರುಳಿಯ ಯೋಚನೆಯನ್ನು ಜೆಂಕಿನ್‌ಸನ್ನನೊಡನೆ ಮೊದಲು ಚರ್ಚಿಸಿದವನು ಜಾನ್ ಫಿಚ್ ಎಂಬ ಅಮೆರಿಕದ ಚಾಲಕ. ಮಾಸನು ಜೆಂಕಿನ್‌ಸನ್ನನನ್ನು ಕರೆದಾಗ ಫಿಚ್ಚನು ಅಸೂಯೆಪಡದೆ ಬಿಟ್ಟುಕೊಟ್ಟನು. ಅದಾದ ಆರು ವಾರಗಳಲ್ಲಿ, ೧೯೫೫ನೆಯ ಜೂನ್ ೧೧ರಂದು, ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ ಫಿಚ್ಚನ ಜೊತೆಗಾರನಾದ ಲೆವೆಯು ಓಡಿಸುತ್ತಿದ್ದ ಮೆರ್ಸಿಡಿಸ್ ಗಾಡಿಯು ಜನಸಂದಣಿಯೊಳಕ್ಕೆ ಸಿಡಿದು, ಎಂಬತ್ತಕ್ಕೂ ಮಿಕ್ಕಿ ಪ್ರೇಕ್ಷಕರು ಸತ್ತರು. ಆ ಗಾಡಿಯನ್ನು ಆ ದಿನ ತನ್ನ ಸರದಿ ಬಂದಾಗ ಓಡಿಸಬೇಕಾಗಿದ್ದವನು ಫಿಚ್ಚನು. ಆತನು ಮುಂದೆ ರಸ್ತೆಯ ಸುರಕ್ಷತೆಗೆ ಮನಸ್ಸು ಕೊಟ್ಟು, ಮರಳು ತುಂಬಿದ ಪ್ಲಾಸ್ಟಿಕ್ ಪೀಪಾಯಿಗಳ ಒಂದು ತಡೆಯನ್ನು ನಿರ್ಮಿಸಿದನು. ಸೇತುವೆಯ ಕಂಬ, ಗೋಡೆಯ ತುದಿಗಳ ಮುಂದೆ ಅವನ್ನು ಸಾಲಾಗಿ ಇಡುತ್ತಾರೆ. ಮುಂದಿನ ಪೀಪಾಯಿಯಲ್ಲಿ ಮರಳು ಕಡಮೆ, ಹಿಂದುಹಿಂದಕ್ಕೆ ಹೆಚ್ಚು. ಹಾದಿ ತಪ್ಪಿ ಬಂದ ಗಾಡಿಯು ಒಮ್ಮೆಲೇ ಅಪ್ಪಳಿಸದೆ ಮೆಲ್ಲಮೆಲ್ಲನೆ ವೇಗವನ್ನು ಕಳೆದುಕೊಂಡು ನಿಲ್ಲುತ್ತದೆ. ಅಮೆರಿಕದ ಹೆದ್ದಾರಿಗಳಲ್ಲಿ ಸಾವಿರಾರು ಪ್ರಾಣಗಳು ಇದರಿಂದ ಉಳಿದವೆಂದು ಹೇಳುತ್ತಾರೆ. ೨೦೧೨ರಲ್ಲಿ ತೀರಿಕೊಂಡ ಈತನ ಹೆಸರು ಮಾಸನ ಹೆಸರಿನಷ್ಟು ಪ್ರಖ್ಯಾತವಲ್ಲ.

ಮರಳು ನಮ್ಮ ನಾಡಿನಲ್ಲಿಯೂ ಇದೆ, ಪೀಪಾಯಿಗಳೂ ಇವೆ. ನಮ್ಮ ಹೆದ್ದಾರಿಗಳ ಸೇತುವೆಗಳ ತಲೆಯಲ್ಲಿ, ದಾರಿಗಳು ಕವಲೊಡೆಯುವ ಕಲ್ಲುಗೋಡೆಗಳ ಮುಂದೆ, ಇಂತಹ ತಡೆಗಳನ್ನು ಇಡಿಸಲು ಬೃಹತ್ ಯೋಜನೆಯೇನೂ ಬೇಕಾಗಿಲ್ಲ. ಸಂಬಂಧಪಟ್ಟ ಎಂಜಿನಿಯರುಗಳು ಮನಸ್ಸು ಮಾಡಬೇಕು. ನಮ್ಮ ಪಾಲಿಗೆ ಬಂದ ಕೆಲಸವನ್ನು ನಾವೂ ಮಾಡುವೆವು. ಇಷ್ಟು ಹೊತ್ತಿನಲ್ಲಿ ಇಷ್ಟು ದೂರವನ್ನು ಕ್ರಮಿಸಿದೆವೆಂದು ಹೆಮ್ಮೆಪಡುವ ಪತ್ರಗಳನ್ನು ಈ ಪತ್ರಿಕೆಯು ಇನ್ನು ಮುಂದೆ ಸಾಹಸವೆಂದು ಪ್ರಕಟಿಸದು. ಯಾವ ತಿರುವಿನಲ್ಲಿ ಜನರು ಸಾಯುತ್ತಿದ್ದಾರೆ, ಯಾವ ಶಾಲೆಯ ಮುಂದೆ ದಾಟುವ ದಾರಿಯಿಲ್ಲ ಎಂಬುದನ್ನು ಬರೆದು ಕಳುಹಿಸುವ ವಾಚಕರಿಗೆ ಈ ಪುಟದಲ್ಲಿ ಸದಾ ಸ್ಥಳವಿರುವುದು. ಋತುಪರ್ಣನ ಉತ್ತರೀಯವು ಒಂದು ಯೋಜನ ಹಿಂದೆ ಬಿದ್ದರೆ ಹೊಸದನ್ನು ನೇಯಿಸಬಹುದು. ಹಾದಿಬದಿಯಲ್ಲಿ ನಿಂತ ಮಗುವಿನ ವಿಷಯದಲ್ಲಿ ಆ ಮಾತನ್ನು ಹೇಳಲಾಗದು.